ವೇದವಲ್ಲಿ ಅಮ್ಮನ ಹೆಸರಿಗೆ ಹೋದ ರಕ್ತ

ಮೇ ತಿಂಗಳ ಒಂದು ಮಂಗಳವಾರ ಬೆಳಗ್ಗೆ ವೇದವಲ್ಲಿ ಅಮ್ಮ ನನ್ನ ಎಡಗೈಯ ಉಂಗುರದ ಬೆರಳನ್ನು ಹಿಡಿದುಕೊಂಡು "ಕಣ್ಣು ಮುಚ್ಕೋ" ಎಂದರು. ಮುಚ್ಚಿಕೊಂಡವರು ಅವರು. ನಾನು ನೋಡುತ್ತಲೇ ಇದ್ದೆ. ಪೆನ್ಸಿಲ್ ಶಾರ್ಪನರಿನಷ್ಟಿದ್ದ ಪ್ಲಾಸ್ಟಿಕ್ ತುಂಡು ಬೆರಳಿನ ತುದಿಗೆ ತಾಗಿ ಟಿಕ್ ಎಂದಿತು. ರಕ್ತ ಮೊದಲು ಸಾಸಿವೆಯಷ್ಟು ಬಂತು, ಆಮೇಲೆ ಕಡಲೆಯಷ್ಟಾಯಿತು.

"ಬಂತಾ?"

"ಬಂತು ಅಮ್ಮ."

"ಒತ್ತು ಇನ್ನೂ. ಆ ಗೆರೆವರೆಗೂ ತುಂಬ್ಬೇಕಂತೆ. ನೋವಾಗ್ತಿದ್ಯಾ?"

"ಇಲ್ಲ."

"ನಿಂಗೆ ಯಾವ್ದು ತಾನೆ ನೋವಾಗತ್ತೆ," ಎಂದು ಅವರು ಫ್ರಿಜ್ಜಿನ ಕಡೆ ಮುಖ ತಿರುಗಿಸಿಕೊಂಡೇ ನಕ್ಕರು.

ಆ ಕಿಟ್ ಬಂದದ್ದು ಅವರಿಗೆ. ಅವರ ಮಗ ಅಜಿತಣ್ಣನ ಕಂಪನಿಯ ಆರೋಗ್ಯ ವಿಮೆಯವರು, ನೌಕರರ ಮನೆಯಲ್ಲಿ ನಲವತ್ತು ದಾಟಿದವರು ಯಾರಿದ್ದರೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡುತ್ತಾರೆ. ಆಸ್ಪತ್ರೆಗೆ ಹೋಗಲಾಗದವರಿಗೆ ಅಂಚೆಯಲ್ಲೇ ಒಂದು ರಟ್ಟಿನ ಪೆಟ್ಟಿಗೆ ಕಳಿಸುತ್ತಾರೆ. ಬೆರಳು ಚುಚ್ಚಿಕೊಂಡು, ಪುಟ್ಟ ಕೊಳವೆಗೆ ರಕ್ತ ಹಿಡಿದು, ಹೆಸರಿನ ಚೀಟಿ ಅಂಟಿಸಿ, ಅವರೇ ಕೊಟ್ಟ ಲಕೋಟೆಯಲ್ಲಿ ಅಂಚೆಗೆ ಹಾಕಬೇಕು. ಶನಿವಾರ ತಾವೇ ಕೂತು ಮಾಡಿಸುವುದಾಗಿ ಅಜಿತಣ್ಣ ಹೇಳಿದ್ದರು. ಅಮ್ಮನಿಗೆ ಸೂಜಿ ಎಂದರೆ ಭಯ. ಅದಕ್ಕಿಂತ ದೊಡ್ಡ ಭಯ ರಿಪೋರ್ಟಿನದು.

"ಅರವತ್ತೆರಡು ವರ್ಷದ ರಕ್ತ ಕಣೇ. ಏನಾದ್ರೂ ಒಂದು ಇದ್ದೇ ಇರತ್ತೆ. ಆಮೇಲೆ ಅವನು ನನ್ನ ತುಪ್ಪದ ಡಬ್ಬಿ ಎತ್ತಿಡ್ತಾನೆ, ಅವಳು ಫೋನ್ ನೋಡ್ಕೊಂಡು ಓಟ್ಸ್ ಬೇಯಿಸ್ತಾಳೆ. ನಿನಗೆ ಇಪ್ಪತ್ಮೂರು. ಕಡ್ಡಿ ಹಂಗಿದೀಯ. ನಿನ್ನ ರಕ್ತ ಹೋದ್ರೆ ಎಲ್ಲಾ ಫಸ್ಟ್ ಕ್ಲಾಸ್ ಅಂತ ಬರತ್ತೆ. ಯಾರಿಗೇನು ನಷ್ಟ ಹೇಳು?"

ನನಗೂ ನಷ್ಟ ಕಾಣಲಿಲ್ಲ. ಅವರ ಹೆಸರಿದ್ದ ಚೀಟಿಯನ್ನು ಕೊಳವೆಗೆ ನಾನೇ ನೇರವಾಗಿ ಅಂಟಿಸಿದೆ. ಅಮ್ಮನ ಮೊಮ್ಮಗಳು ನಿಧಿಯನ್ನು ಶಿಶುವಿಹಾರಕ್ಕೆ ಬಿಡಲು ಹೋದಾಗ, ಟೋಕಿಯೋದ ನಿಶಿ ಕಸಾಯಿ ಸ್ಟೇಷನ್ ಮುಂದಿನ ಕೆಂಪು ಅಂಚೆಪೆಟ್ಟಿಗೆಗೆ ಲಕೋಟೆ ಹಾಕಿದೆ.

ನಾನು ಕೋಕಿಲಾ, ಆ ಮನೆಯ ಕೆಲಸದವಳು. ಮೊದಲು ಮೈಸೂರಿನಲ್ಲಿ ವೇದವಲ್ಲಿ ಅಮ್ಮನ ಮನೆಯಲ್ಲಿದ್ದೆ. ಮೊಮ್ಮಗಳು ನಿಧಿ ಹುಟ್ಟಿದಾಗ ಬೆಂಗಳೂರಿಗೆ, ಅಜಿತಣ್ಣನ ಮನೆಗೆ ಬಂದೆ. ಅವರಿಗೆ ಟೋಕಿಯೋದಲ್ಲಿ ದೊಡ್ಡ ಕೆಲಸವಾದಾಗ ಅವರ ವೀಸಾದ ಜೊತೆಗೆ ಅಮ್ಮನದೂ ನನ್ನದೂ ಆಯಿತು. ಅವರೂ ಅವರ ಹೆಂಡತಿ ಹರ್ಷಿಣಿ ಅಕ್ಕನೂ ಬೆಳಗ್ಗೆ ರೈಲು ಹತ್ತಿದರೆ ಬರುವುದು ಸಂಜೆ ಏಳಕ್ಕೆ. ಅಲ್ಲಿಯವರೆಗೆ ಐದನೇ ಮಹಡಿಯ ಆ ಮೂರು ಕೋಣೆಗಳಲ್ಲಿ ಅಮ್ಮ ಮಾತಾಡುತ್ತಾರೆ, ನಾನು ಕೇಳುತ್ತೇನೆ.

ರಿಪೋರ್ಟು ಜೂನ್ ಎರಡನೇ ವಾರ ಬಂತು. ಅಜಿತಣ್ಣ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಫೋನಿನ ಕ್ಯಾಮೆರಾ ಹಿಡಿದು ಜಪಾನಿ ಅಕ್ಷರಗಳನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು ಓದುತ್ತಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದೆ.

"ಅಮ್ಮಾ, ಬಾ ಇಲ್ಲಿ. ಕೂತ್ಕೋ ಮೊದ್ಲು."

"ಫಸ್ಟ್ ಕ್ಲಾಸ್ ತಾನೆ?"

"ಎಲ್‌ಡಿಎಲ್ ಅಂತ ಕೆಟ್ಟ ಕೊಲೆಸ್ಟ್ರಾಲು, ಇನ್ನೂರ ಅರವತ್ತೆಂಟು."

"ಎಷ್ಟಿರ್ಬೇಕು?"

"ನೂರಿಪ್ಪತ್ತರ ಒಳಗೆ."

ಹರ್ಷಿಣಿ ಅಕ್ಕ ಕಾಗದವನ್ನು ಕಿತ್ತುಕೊಂಡರು. "ಟೂ ಸಿಕ್ಸ್ಟಿ ಏಟಾ? ಅತ್ತೆ, ಮೆಟ್ಲು ಹತ್ತೋವಾಗ ಎದೆ ಹಿಡ್ದಂಗಾಗತ್ತಾ? ಎಡಗೈ ಸೆಳೆಯತ್ತಾ? ನಿಜ ಹೇಳಿ."

"ಏನೂ ಆಗಲ್ಲಮ್ಮ. ಗುಂಡುಕಲ್ಲು ಹಂಗಿದೀನಿ."

"ಅದೇ ಪ್ರಾಬ್ಲಮ್ಮು. ಏನೂ ಗೊತ್ತಾಗಲ್ಲ. ರಕ್ತನಾಳದ ಒಳಗೋಡೆಗೆ ಅಂಟ್ಕೊಂಡು ಅಂಟ್ಕೊಂಡು ದಾರಿ ಸಣ್ಣ ಆಗ್ತಾ ಹೋಗತ್ತೆ. ಒಂದಿನ ಪೂರ್ತಿ ಮುಚ್ಚತ್ತೆ. ನೋಡಿ, ಕೆಂಪು ಇಂಕಲ್ಲಿ ಹಾಕಿದಾರೆ. ತಕ್ಷಣ ಡಾಕ್ಟರನ್ನ ನೋಡಿ ಅಂತ."

ಅಮ್ಮ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಬಾಣಲೆಯ ಹಿಡಿ ತೊಳೆದೆ. ತೊಳೆದಾಗಿದ್ದ ಹಿಡಿಯನ್ನೇ ಇನ್ನೊಮ್ಮೆ ತೊಳೆದೆ. ಆ ಸಂಖ್ಯೆ ನನ್ನದು ಎಂದು ಗೊತ್ತಾಗಿತ್ತು. ಆದರೆ ಅದು ಯಾರದೋ ಮನೆಯ ನಂಬರಿನ ಹಾಗೆ ಕೇಳಿಸಿತು. ಮರುದಿನವೂ ಹಾಗೆಯೇ ಇತ್ತು. ಹಲ್ಲಿನ ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ನಮ್ಮದೇ ಆದರೂ ನಮ್ಮದಲ್ಲದ ಹಾಗಿರುತ್ತದಲ್ಲ, ಇಡೀ ಮೈ ಹಾಗಿತ್ತು.

ಮನೆ ಖಾಲಿಯಾದ ಕೂಡಲೇ ಅಮ್ಮ ಅಡುಗೆಮನೆಗೆ ಬಂದರು.

"ಏನೇ ತಿಂತಿದ್ದೆ ಕದ್ದು?"

"ಏನೂ ಇಲ್ಲ ಅಮ್ಮ."

"ಆ ಕೊಂಬಿನಿ ಅಂಗಡೀಲಿ ಕರಿದ ಕೋಳಿ ಮಾರ್ತಾರಲ್ಲ, ಗಾಜಿನ ಪೆಟ್ಟಿಗೇಲಿ?"

"ಇಲ್ಲ ಅಮ್ಮ."

"ಮತ್ತೆ ಇನ್ನೂರ ಅರವತ್ತೆಂಟು ಎಲ್ಲಿಂದ ಬಂತು? ಆಕಾಶದಿಂದ ಉದುರ್ತಾ?" ಸ್ವಲ್ಪ ಹೊತ್ತು ನನ್ನ ಕೈಕಾಲುಗಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಮೆಷಿನ್ ತಪ್ಪಿರತ್ತೆ ಬಿಡು. ಆದ್ರೆ ಬಾಯಿ ಬಿಡ್ಬೇಡ. ಒಬ್ರ ಹೆಸರಲ್ಲಿ ಇನ್ನೊಬ್ರ ರಕ್ತ ಕಳ್ಸಿದೀವಿ ಅಂದ್ರೆ ಈ ಊರಲ್ಲಿ ಸುಮ್ನಿರಲ್ಲ. ಕಸದ ಚೀಲ ತಪ್ಪು ದಿನ ಇಟ್ಟಿದ್ದಕ್ಕೇ ಫೋಟೋ ತೆಗೆದು ಗೋಡೆಗೆ ಹಚ್ಚಿದ್ರು, ನೆನಪಿದ್ಯಲ್ಲ? ನನ್ನ ವೀಸಾನೂ ಹೋಗತ್ತೆ, ನಿಂದೂ ಹೋಗತ್ತೆ."

ನೆನಪಿತ್ತು. ಆ ಫೋಟೋದಲ್ಲಿದ್ದದ್ದು ನಾನಿಟ್ಟ ಚೀಲ.

ಅಂದಿನಿಂದ ಮನೆಯ ಅಡುಗೆ ಬದಲಾಯಿತು. ಹರ್ಷಿಣಿ ಅಕ್ಕ ಭಾನುವಾರ ಕೂತು ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ಬೆಣ್ಣೆ, ತುಪ್ಪ, ಕೊಬ್ಬರಿ, ಗೋಡಂಬಿ ಎಲ್ಲ ಗೆರೆಯ ಎಡಗಡೆ. ಬಲಗಡೆ ಓಟ್ಸ್, ಬಾರ್ಲಿ ಬೆರೆಸಿದ ಅನ್ನ, ತೋಫು, ಸೊಪ್ಪು, ಬೀನ್ಸ್, ಅರ್ಧ ಗಂಟೆ ನಡಿಗೆ. ಬಲಗಡೆಯ ಕೊನೆಯಲ್ಲಿ ನತ್ತೋ. ಹುದುಗಿಸಿದ ಸೋಯಾ ಕಾಳು, ಎತ್ತಿದರೆ ಜೇಡರ ಬಲೆಯ ಹಾಗೆ ನೂಲು ಬರುತ್ತದೆ. ಶಿಶುವಿಹಾರದಲ್ಲಿ ಕೊಟ್ಟು ಕೊಟ್ಟು ನಿಧಿಗೆ ಅದೆಂದರೆ ಪ್ರಾಣ.

"ಅಜ್ಜಿ, ಓಯಿಶೀ ಯೋ! ಯಮ್ಮೀ! ಈಟ್ ಇಟ್!"

"ನೀನೇ ತಿನ್ನು ಪುಟ್ಟಿ. ಹಳಸಿದ ಅವರೆಕಾಳು ನನ್ನ ಸೊಸೆ ದುಡ್ಡು ಕೊಟ್ಟು ತಂದಿದಾಳೆ. ನಮ್ಮನೇಲಿ ಹಿಂಗಾದ್ರೆ ಹಸೂಗೆ ಹಾಕ್ತಿದ್ವಿ."

"ಅತ್ತೆ, ಒಂದು ಚಮಚ. ಔಷಧಿ ಅಂದ್ಕೊಳಿ."

ಅಮ್ಮ ಮೂಗು ಹಿಡಿದುಕೊಂಡು ನುಂಗುತ್ತಿದ್ದರು. ನುಂಗುವಾಗ ನನ್ನನ್ನು ನೋಡುತ್ತಿದ್ದರು. ಇದೆಲ್ಲ ನಿನ್ನಿಂದ ಎನ್ನುವ ನೋಟ ಅದು.

ಮನೆಯಲ್ಲಿದ್ದ ತುಪ್ಪವನ್ನು ಚೆಲ್ಲಲು ಅವರಿಗೆ ಮನಸ್ಸು ಬರಲಿಲ್ಲ. ಅಂಗಡಿಯ ಬೆಣ್ಣೆ ತಂದು ತಾವೇ ಕಾಯಿಸಿದ್ದು. ಮಧ್ಯಾಹ್ನ ನನ್ನ ತಟ್ಟೆಯ ಬಿಸಿ ಅನ್ನದ ಮೇಲೆ ಎರಡು ಚಮಚ ಸುರಿಯುತ್ತಿದ್ದರು. "ನೀನಾದ್ರೂ ತಿನ್ನು. ವೇಸ್ಟ್ ಆಗತ್ತೆ." ಇಂಡಿಯನ್ ಅಂಗಡಿಯಿಂದ ತಂದಿದ್ದ ಗೋಡಂಬಿ ಬರ್ಫಿಯನ್ನೂ ನನ್ನ ಮುಂದಿಟ್ಟರು. ಬೇಡ ಎನ್ನಲು ನನಗೆ ಬರಲಿಲ್ಲ. ಆ ಮನೆಯಲ್ಲಿ ಇನ್ನೂರ ಅರವತ್ತೆಂಟು ಇದ್ದವಳು ತುಪ್ಪ ತಿನ್ನುತ್ತಿದ್ದಳು, ಇಲ್ಲದವರು ನತ್ತೋ ತಿನ್ನುತ್ತಿದ್ದರು. ರಕ್ತ ಯಾರದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಮೆಷಿನ್ ತಪ್ಪು ಎಂದು ಅವರು ನಿಜವಾಗಿ ನಂಬಿದ್ದರು. ನಾನು ನಂಬಿರಲಿಲ್ಲ.

ನಂಬದಿರಲು ಕಾರಣ ನಮ್ಮ ಅಪ್ಪ. ಅವರು ಮೈಸೂರಿನಲ್ಲಿ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದರು. ಮೂವತ್ತೇಳನೇ ವರ್ಷದಲ್ಲಿ ಒಂದು ಮಧ್ಯಾಹ್ನ, ಕೆಲಸದ ಮನೆಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತವರು ಹಾಗೇ ಗೋಡೆಗೆ ಒರಗಿದರು. ಜೊತೆಯವರು ನಿದ್ದೆ ಎಂದುಕೊಂಡು ಅರ್ಧ ಗಂಟೆ ಎಬ್ಬಿಸಲಿಲ್ಲ. ಅದಕ್ಕೂ ಮೊದಲು ಅಪ್ಪನ ಅಕ್ಕ ನಲವತ್ತೊಂದಕ್ಕೆ ಹೋಗಿದ್ದರು, ಅವರೂ ಹೀಗೆ, ಬಟ್ಟೆ ಒಗೆಯುತ್ತಾ. ಮನೆದೇವರ ಹರಕೆ ಬಾಕಿ ಇದೆ, ಅದಕ್ಕೇ ಹೀಗೆ ಎಂದು ಅವ್ವ ನಂಬಿದಳು. ಹರಕೆ ತೀರಿಸಿಯೂ ಬಂದಳು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ತಮ್ಮ ರಾಘವ ಮುಂದೆ ಓದಿದ. ಈಗ ಅವನಿಗೆ ಇಪ್ಪತ್ತು, ಮೊಬೈಲ್ ಅಂಗಡಿಯಲ್ಲಿದ್ದಾನೆ. ಅಪ್ಪನ ಹಾಗೆಯೇ ತೆಳ್ಳಗಿದ್ದಾನೆ.

ನಿಧಿ ಮಲಗಿದ ಮಧ್ಯಾಹ್ನಗಳಲ್ಲಿ ಫೋನಿನಲ್ಲಿ ಕನ್ನಡದ ಡಾಕ್ಟರೊಬ್ಬರ ವಿಡಿಯೊ ನೋಡಿದೆ. ಕೊಲೆಸ್ಟ್ರಾಲ್ ಎಲ್ಲರ ಮೈಯಲ್ಲೂ ಇರುತ್ತದೆ, ಬೇಕು ಕೂಡ, ಹೆಚ್ಚಾದಾಗ ಮಾತ್ರ ಕಷ್ಟ ಎಂದರು. ದಪ್ಪಗಿರುವವರಿಗೆ ಮಾತ್ರ ಬರುತ್ತದೆ ಎನ್ನುವುದು ತಪ್ಪು, ತಿನ್ನುವುದರಿಂದ ಮಾತ್ರ ಬರುತ್ತದೆ ಎನ್ನುವುದೂ ತಪ್ಪು ಎಂದರು. ಕೆಲವು ಮನೆಗಳಲ್ಲಿ ಅದು ಹುಟ್ಟಿನಿಂದಲೇ ಇಳಿದು ಬರುತ್ತದೆ. ಅಂಥ ಮನೆಗಳಲ್ಲಿ ಜನ ಚಿಕ್ಕ ವಯಸ್ಸಿಗೇ ಎದೆ ಹಿಡಿದು ಹೋಗುತ್ತಾರೆ. ಅಪ್ಪನಿಗಿದ್ದರೆ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಬರಬಹುದು.

ನಾವು ಇಬ್ಬರು. ಇಬ್ಬರಲ್ಲಿ ಅರ್ಧ ಎಂದರೆ ಒಬ್ಬರು. ಹಾಗಾದರೆ ಅದು ನನಗೆ ಬಂತು, ರಾಘವ ತಪ್ಪಿಸಿಕೊಂಡ ಎಂದು ನಾಲ್ಕು ದಿನ ಅಂದುಕೊಂಡಿದ್ದೆ. ಅದೊಂದು ಸಮಾಧಾನದ ಹಾಗಿತ್ತು. ಐದನೇ ದಿನ ಅದೇ ಡಾಕ್ಟರ ಇನ್ನೊಂದು ವಿಡಿಯೊ ಸಿಕ್ಕಿತು. ಅದು ಹಂಚಿ ಹೋಗುವ ಲೆಕ್ಕವಲ್ಲ, ಒಂದೊಂದು ಮಗುವಿಗೂ ಬೇರೆಬೇರೆಯಾಗಿ ಅಷ್ಟೇ ಸಾಧ್ಯತೆ, ಎಲ್ಲ ಮಕ್ಕಳಿಗೂ ಬರಬಹುದು, ಯಾರಿಗೂ ಬಾರದೆಯೂ ಇರಬಹುದು ಎಂದರು.

ರಾಘವನಿಗೆ ಫೋನ್ ಮಾಡಿ ಏನು ಹೇಳಲಿ? ಕಾಗದ ತೋರಿಸು ಅನ್ನುತ್ತಾನೆ. ಕಾಗದದ ಮೇಲಿದ್ದ ಹೆಸರು ವೇದವಲ್ಲಿ ಎಂದು, ವಯಸ್ಸು ಅರವತ್ತೆರಡು. ಬೇರೆ ಪರೀಕ್ಷೆ ಮಾಡಿಸಿಕೊಳ್ಳಲು ಈ ಊರಿನಲ್ಲಿ ಎಲ್ಲಿಗೆ ಹೋಗಬೇಕು, ಯಾವ ಮಾತಿನಲ್ಲಿ ಕೇಳಬೇಕು ನನಗೆ ಗೊತ್ತಿರಲಿಲ್ಲ.

ಜುಲೈ ಮೊದಲ ವಾರ ಬಟ್ಟೆ ಮಡಿಸುತ್ತಾ ಅಮ್ಮನಿಗೆ ಹೇಳಿದೆ.

"ಅಮ್ಮ, ಅಣ್ಣನಿಗೆ ಹೇಳ್ಬಿಡೋಣ್ವಾ?"

"ಏನಂತ?"

"ಅದು ನನ್ನ ರಕ್ತ ಅಂತ."

ಅವರ ಕೈಯಲ್ಲಿದ್ದ ನಿಧಿಯ ಫ್ರಾಕು ಹಾಗೇ ನಿಂತಿತು. "ನಿಂಗೇನು ತಲೆ ಕೆಟ್ಟಿದ್ಯಾ? ಹದಿನೈದು ದಿನದಲ್ಲಿ ಡಾಕ್ಟರ ಹತ್ರ ಹೋಗ್ತಿದೀವಿ. ಅಲ್ಲಿ ನಂದೇ ರಕ್ತ ಕೊಡ್ತೀನಿ, ಸತ್ರೂ ಪರವಾಗಿಲ್ಲ. ನಾರ್ಮಲ್ ಬರತ್ತೆ. ಹಳೇದನ್ನ ಹರಿದು ಹಾಕ್ತಾರೆ. ಅಲ್ಲಿಗೆ ಮುಗೀತು."

"ನಂದು?"

"ನಿಂದು ಏನು?"

ಅವರು ಫ್ರಾಕನ್ನು ಎರಡು ಸಲ ಬಿಚ್ಚಿ ಎರಡು ಸಲ ಮಡಿಸಿದರು. "ಡಿಸೆಂಬರಲ್ಲಿ ಮೈಸೂರಿಗೆ ಹೋಗ್ತೀವಲ್ಲ, ಅಲ್ಲಿ ಮಾಡ್ಸೋಣ. ನಾನೇ ಕರ್ಕೊಂಡು ಹೋಗ್ತೀನಿ. ನನ್ನ ನಂಬು."

ಡಿಸೆಂಬರಿಗೆ ಐದು ತಿಂಗಳಿತ್ತು. ಹಳೆಯ ಕಾಗದ ಹರಿದುಹೋದರೆ ಆ ಸಂಖ್ಯೆ ನಮ್ಮಿಬ್ಬರ ತಲೆಯೊಳಗೆ ಮಾತ್ರ ಉಳಿಯುತ್ತದೆ. ಅಮ್ಮ ಅದನ್ನು ತಪ್ಪು ಮೆಷಿನ್ ಎಂದುಬಿಟ್ಟಿದ್ದರು. ನಾನು ಹೇಳಿದರೆ ಯಾರು ಕೇಳುತ್ತಾರೆ?

ಜುಲೈ ಹತ್ತೊಂಬತ್ತು, ಶನಿವಾರ. ಹರ್ಷಿಣಿ ಅಕ್ಕ ನಿಧಿಯ ಜೊತೆ ಮನೆಯಲ್ಲಿ ಉಳಿದರು. ಕೋಕಿಲಾ ಇಲ್ಲದಿದ್ದರೆ ಸೂಜಿಗೆ ಕೈ ಕೊಡುವುದಿಲ್ಲ ಎಂದು ಅಮ್ಮ ಹಟ ಹಿಡಿದದ್ದರಿಂದ ನಾನೂ ಹೋದೆ. ಸ್ಟೇಷನ್ನಿನಾಚೆ ನಾಲ್ಕು ಮಹಡಿಯ ಕ್ಲಿನಿಕ್ಕು. ಬಾಗಿಲಲ್ಲಿ ಶೂ ಬಿಚ್ಚಿ ಕಂದು ಬಣ್ಣದ ಚಪ್ಪಲಿ ಹಾಕಿಕೊಳ್ಳಬೇಕು. ಒಳಗೆ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಟಿವಿಯಲ್ಲಿ ಶಬ್ದವಿಲ್ಲದೆ ಬೇಸ್‌ಬಾಲ್ ನಡೆಯುತ್ತಿತ್ತು.

ರಕ್ತ ತೆಗೆಯುವಾಗ ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು ವಿಷ್ಣುಸಹಸ್ರನಾಮ ಹೇಳಿದರು. ಹನ್ನೆರಡನೇ ಹೆಸರಿಗೆ ಬರುವಷ್ಟರಲ್ಲಿ ನರ್ಸು ಹತ್ತಿ ಒತ್ತಿ ಆಗಿತ್ತು.

"ಅಯ್ಯೋ, ಇಷ್ಟೇನಾ?" ಎಂದರು.

ಫಲಿತಾಂಶ ಒಂದು ಗಂಟೆಯಲ್ಲಿ ಬರುತ್ತದೆ, ಅಷ್ಟರಲ್ಲಿ ನೋಡುತ್ತೇನೆ ಎಂದು ಡಾಕ್ಟರು ಒಳಗೆ ಕರೆದರು. ಇಲ್ಲಿ ಡಾಕ್ಟರನ್ನು ಸೆನ್ಸೇ ಎನ್ನುತ್ತಾರೆ. ಒಕುಯಾಮಾ ಸೆನ್ಸೇ ಐವತ್ತರ ಆಸುಪಾಸಿನ ಹೆಂಗಸು. ಹಳೆಯ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಓದಿದರು. ಅವರು ಕೇಳಿದ್ದನ್ನು ಅಜಿತಣ್ಣ ಕನ್ನಡಕ್ಕೆ ತಿರುಗಿಸುತ್ತಿದ್ದರು.

"ಅಮ್ಮಾ, ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಹಾರ್ಟ್ ಅಟ್ಯಾಕಲ್ಲಿ ಹೋಗಿದಾರಾ ಅಂತೆ. ಇಲ್ಲ ಅಲ್ವಾ? ತಾತ ಎಂಬತ್ತೆಂಟು."

"ನಮ್ಮಮ್ಮ ತೊಂಬತ್ತೊಂದು. ಕೊನೇ ದಿನಾನೂ ಮೈಸೂರ್ ಪಾಕ್ ತಿಂದ್ಲು, ಅದನ್ನೂ ಹೇಳು."

ಸೆನ್ಸೇ ತಲೆಯಾಡಿಸಿ, ಅಮ್ಮನ ಮುಂದೆ ಮೊಣಕಾಲೂರಿ ಕೂತು, ಅವರ ಹಿಮ್ಮಡಿಯ ಮೇಲಿನ ಹುರಿಯಂಥ ಸ್ನಾಯುವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು. ಒಂದು ಕಾಲಿನ ಹಿಂಭಾಗ ಸಣ್ಣಗೆ, ಇನ್ನೊಂದರದ್ದು ಉಬ್ಬಿ ಹಗ್ಗದ ಹಾಗೆ. ಹುಟ್ಟಿನಿಂದ ಕೊಲೆಸ್ಟ್ರಾಲ್ ಹೆಚ್ಚಿರುವವರಿಗೆ ಅದು ಅಲ್ಲಿ ಹೋಗಿ ಸೇರಿಕೊಂಡು ಹೀಗೆ ದಪ್ಪವಾಗುತ್ತದಂತೆ. ತಾಯಿಯವರದು ತೆಳ್ಳಗಿದೆ, ಅಂಕಿ ಮಾತ್ರ ಇಷ್ಟಿದೆ, ವಿಚಿತ್ರ ಎಂದರು.

ಎರಡನೇ ಚಿತ್ರದ ಕಾಲು ಅಪ್ಪನದು. ಅಪ್ಪನ ಚಪ್ಪಲಿಯ ಹಿಂಪಟ್ಟಿ ಅಲ್ಲಿ ಕೂರುತ್ತಲೇ ಇರಲಿಲ್ಲ. ಏಣಿ ಹತ್ತಿ ಹತ್ತಿ ಹೀಗಾಗಿದೆ ಎಂದು ಅಪ್ಪ ಅದನ್ನು ತಟ್ಟಿ ತೋರಿಸುತ್ತಿದ್ದರು. ನಾನು ಏಣಿ ಹತ್ತಿದವಳಲ್ಲ. ಆದರೆ ನನ್ನ ಸಾಕ್ಸಿನೊಳಗೆ ಇರುವುದೂ ಅದೇ ಎಂದು ನೋಡಿಕೊಳ್ಳಬೇಕಾಗಿಯೂ ಇರಲಿಲ್ಲ.

ಹೊರಗೆ ಬಂದು ಕೂತೆವು. ಬೇಸ್‌ಬಾಲಿನಲ್ಲಿ ಯಾರೋ ಓಡಿದರು, ಯಾರೋ ಬಿದ್ದರು. ಅಮ್ಮ ಹತ್ತಿಯನ್ನು ಬಿಟ್ಟು ಬಿಟ್ಟು ನೋಡಿಕೊಳ್ಳುತ್ತಿದ್ದರು. ಒಂದು ಗಂಟೆಯ ಮೇಲೆ ಮತ್ತೆ ಒಳಗೆ ಕರೆದರು.

"ನೂರಹದಿನೆಂಟು!" ಅಜಿತಣ್ಣ ಕುರ್ಚಿಯಿಂದ ಅರ್ಧ ಎದ್ದರು. "ಅಮ್ಮಾ, ಒನ್ ಏಟೀನ್. ಫುಲ್ ನಾರ್ಮಲ್. ನತ್ತೋ ಮ್ಯಾಜಿಕ್!"

"ಥೂ, ಅದರ ಹೆಸರೆತ್ತಬೇಡ."

ಐದು ವಾರದ ಪಥ್ಯದಿಂದ ಇಷ್ಟು ಇಳಿಯುವುದಿಲ್ಲ ಎಂದು ಸೆನ್ಸೇ ಹೇಳಿದರಂತೆ. ಮೊದಲ ಸಲ ರಕ್ತ ಹಿಡಿಯುವಾಗ ಏನೋ ಏರುಪೇರಾಗಿರಬೇಕು, ಆ ಕಾಗದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. ಅಜಿತಣ್ಣ ನಗುತ್ತಾ ಅದನ್ನು ಎರಡಾಗಿ ಮಡಚಿದರು. ಹರಿಯುವ ಕಾಗದಗಳಿಗೆಂದು ಮೇಜಿನ ಪಕ್ಕದಲ್ಲಿದ್ದ ನೀಲಿ ಡಬ್ಬಿಯ ಕಡೆ ಕೈ ಚಾಚಿದರು. ಅಮ್ಮ ನನ್ನ ಕಡೆ ತಿರುಗಿ ಕಣ್ಣಲ್ಲೇ ಸಣ್ಣಗೆ ನಕ್ಕರು. ಮುಗೀತು ನೋಡು ಎನ್ನುವ ಹಾಗೆ.

"ಅಣ್ಣ, ಅದನ್ನ ಹಾಕ್ಬೇಡಿ."

ನನ್ನ ಧ್ವನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಅವರ ಕೈ ನಿಂತಿತು.

"ಯಾಕೆ?"

"ಅದು ನಂದು."

"ಏನು ನಿಂದು?"

"ರಕ್ತ."

ಅಜಿತಣ್ಣ ತಾಯಿಯನ್ನು ನೋಡಿದರು. "ಏನಮ್ಮಾ ಇವಳು ಹೇಳ್ತಿರೋದು?"

"ಅವಳಿಗೇನು ಗೊತ್ತಾಗತ್ತೆ, ಸುಮ್ನೆ..." ಎಂದು ಶುರುಮಾಡಿದ ಅಮ್ಮ ಅರ್ಧಕ್ಕೇ ನಿಲ್ಲಿಸಿದರು. ಕೈಯಲ್ಲಿದ್ದ ಹತ್ತಿಯನ್ನು ಉಂಡೆ ಮಾಡಿದರು. "ಹೌದು ಕಣೋ. ಸೂಜಿ ನೋಡಿದ್ರೆ ನಂಗೆ ತಲೆ ತಿರುಗತ್ತೆ. ಅವಳ ಬೆರಳು ಹಿಡ್ದು ನಾನೇ ಚುಚ್ಚಿದ್ದು. ಅವಳನ್ನ ಬೈಬೇಡ."

"ಎರಡು ತಿಂಗಳಿಂದ ಇಬ್ರೂ ಹೇಳ್ದೆ ಕೂತಿದೀರಾ? ನಾನು ರಜಾ ಹಾಕಿ, ಹರ್ಷಿಣಿ ದಿನಾ ಬಾರ್ಲಿ ನೆನೆಸಿ... ಅಮ್ಮಾ, ಇದೇನು ಮಕ್ಕಳಾಟನಾ?"

"ಪೊಲೀಸ್ ಏನಾದ್ರೂ ಕರೀತಾರೇನೋ?"

"ಯಾವ ಪೊಲೀಸ್ ಅಮ್ಮಾ!"

ಸೆನ್ಸೇ ಕಾಯುತ್ತಿದ್ದರು. ಅಜಿತಣ್ಣ ಎದ್ದು ನಿಂತು, ಮೂರು ಸಲ ಸುಮಿಮಾಸೆನ್, ಕ್ಷಮಿಸಿ, ಎಂದು ಬಾಗಿ, ಆಗಿದ್ದನ್ನು ಹೇಳಿದರು. ಅವರ ಕಿವಿ ಕೆಂಪಾಗಿತ್ತು. ಸೆನ್ಸೇ ನಗಲಿಲ್ಲ, ಸಿಟ್ಟಾಗಲಿಲ್ಲ. ಚಕ್ರದ ಕುರ್ಚಿಯನ್ನು ಅಮ್ಮನ ಕಡೆಯಿಂದ ನನ್ನ ಕಡೆಗೆ ತಿರುಗಿಸಿಕೊಂಡರು. ನನ್ನ ಸಾಕ್ಸು ತೋರಿಸಿ ಬಿಚ್ಚುವಂತೆ ಕೈ ಮಾಡಿದರು.

ಅವರ ಬೆರಳು ತಣ್ಣಗಿತ್ತು. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಆಮೇಲೆ ಏನೋ ಕೇಳಿದರು. ಅಜಿತಣ್ಣ ನನ್ನ ಕಡೆ ತಿರುಗಿದರು. ಆರು ವರ್ಷದಿಂದ ನಾನು ಆ ಮನೆಯವರ ಅನ್ನ ಬೇಯಿಸುತ್ತಿದ್ದೇನೆ, ಆ ಪ್ರಶ್ನೆಯನ್ನು ಅವರು ಕೇಳಿರಲಿಲ್ಲ.

"ಕೋಕಿಲಾ, ನಿಮ್ಮಪ್ಪ ಏನಾಗಿ ಹೋದ್ರು?"

"ಗೊತ್ತಿಲ್ಲ ಅಣ್ಣ. ಊಟಕ್ಕೆ ಕೂತಿದ್ರು."

"ಎಷ್ಟು ವಯಸ್ಸಾಗಿತ್ತು?"

"ಮೂವತ್ತೇಳು. ಸೋದರತ್ತೆಗೆ ನಲವತ್ತೊಂದು."

ಅವರು ಅದನ್ನು ಜಪಾನಿಯಲ್ಲಿ ಹೇಳಿದರು. ಅಮ್ಮ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡರು.

ನನ್ನ ವಿಮೆಯ ಕಾರ್ಡು ಚೀಲದಲ್ಲೇ ಇತ್ತು. ಎರಡು ವರ್ಷದಲ್ಲಿ ಅದನ್ನು ಯಾರಿಗೂ ತೋರಿಸಿರಲಿಲ್ಲ. ನನ್ನ ಹೆಸರಿನಲ್ಲಿ ಹೊಸ ಕಡತ ಮಾಡಿದರು. ರಕ್ತ ತೆಗೆದರು. ಹಿಮ್ಮಡಿಯ ಎಕ್ಸ್‌ರೇ ತೆಗೆದು ಆ ಸ್ನಾಯುವಿನ ದಪ್ಪ ಅಳೆದರು, ಎಂಟು ಮಿಲಿಮೀಟರಿಗಿಂತ ಹೆಚ್ಚಿತ್ತು, ಅಷ್ಟಿರಬಾರದಂತೆ. ರಕ್ತದ ಅಂಕಿ ಇನ್ನೂರ ಎಪ್ಪತ್ತನಾಲ್ಕು. ತುಪ್ಪ ಒಂದಿಷ್ಟು ಸೇರಿಸಿರಬಹುದು ಎಂದು ನಾನು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಸೆನ್ಸೇ ಒಂದೊಂದೇ ವಾಕ್ಯ ಹೇಳಿ ಅಜಿತಣ್ಣನಿಗಾಗಿ ನಿಲ್ಲಿಸುತ್ತಿದ್ದರು. ಅಜಿತಣ್ಣ ಈಗ ನನ್ನ ಕಡೆ ನೋಡಿಯೇ ಹೇಳುತ್ತಿದ್ದರು. "ಇದು ನೀನು ತಿಂದಿದ್ದರಿಂದ ಬಂದಿದ್ದಲ್ಲ ಅಂತೆ. ರಕ್ತದಲ್ಲಿರೋ ಕೊಬ್ಬನ್ನ ಲಿವರ್ ಎಳ್ಕೊಂಡು ತೆಗೀಬೇಕು. ನಿಂದು ಹುಟ್ಟಿದಾಗಿನಿಂದ ಅರ್ಧದಷ್ಟೇ ತೆಗೀತಿದೆ. ಊಟ ಸರಿ ಮಾಡ್ಕೊಂಡ್ರೆ ಸ್ವಲ್ಪ ಇಳಿಯತ್ತೆ, ಮಾಡ್ಕೋಬೇಕು. ಆದ್ರೆ ಅಷ್ಟೇ ಸಾಲಲ್ಲ. ದಿನಾ ಒಂದು ಮಾತ್ರೆ, ನಿಲ್ಲಿಸೋ ಹಾಗಿಲ್ಲ. ಮುಂದೆ ಮದುವೆ ಆಗಿ ಮಗು ಬೇಕು ಅಂದಾಗ ಮೊದ್ಲೇ ಬಂದು ಹೇಳ್ಬೇಕು, ಆಗ ಮಾತ್ರೆ ನಿಲ್ಲಿಸ್ತಾರೆ. ಈಗ್ಲೇ ಶುರು ಮಾಡಿದ್ರೆ ನಿಮ್ಮಪ್ಪಂಗೆ ಆದ ಹಾಗೆ ಆಗೋದನ್ನ ಬಹಳ ಮಟ್ಟಿಗೆ ತಡೀಬಹುದು ಅಂತೆ."

ಸೆನ್ಸೇ ಇನ್ನೊಂದು ಮಾತು ಸೇರಿಸಿದರು. ಅದನ್ನು ನಾನು ಕಾಯುತ್ತಿದ್ದೆ.

"ಅಕ್ಕ ತಂಗಿ, ಅಣ್ಣ ತಮ್ಮ ಇದಾರಾ ಅಂತೆ."

"ತಮ್ಮ. ಇಪ್ಪತ್ತು."

"ಅವನೂ ಮಾಡಿಸ್ಲೇಬೇಕು. ತಡ ಮಾಡ್ಬೇಡಿ ಅಂತಿದಾರೆ."

ಸೆನ್ಸೇ ಆ ಮಾತನ್ನು ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು, ನನ್ನ ಹೆಸರು, ಅಂಕಿ ಹಾಕಿ, ಮೊಹರು ಒತ್ತಿ, ಎರಡು ಕೈಯಲ್ಲಿ ಕೊಟ್ಟರು. ನಾನೂ ಎರಡು ಕೈಯಲ್ಲಿ ತೆಗೆದುಕೊಂಡೆ.

ಕ್ಲಿನಿಕ್ಕಿನಿಂದ ಹೊರಗೆ ಬಂದೆವು. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಅಜಿತಣ್ಣ ಮಾತ್ರೆ ತರಲು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತರು. ನಾನೂ ಅಮ್ಮನೂ ಹೊರಗೆ ಚೆರ್ರಿ ಮರದ ಕೆಳಗಿನ ಬೆಂಚಿನ ಮೇಲೆ ಕೂತೆವು. ಮೈಸೂರಿನಲ್ಲಿ ಆಗ ಬೆಳಗ್ಗೆ ಹನ್ನೊಂದು ಗಂಟೆ. ನಾನು ಹಾಳೆಯ ಫೋಟೋ ತೆಗೆದು ರಾಘವನಿಗೆ ಕಳಿಸಿ ಫೋನ್ ಮಾಡಿದೆ.

ಇಲ್ಲಿಯವರೆಗೆ ಆಗಿದ್ದನ್ನು ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ.

"ಅಕ್ಕ, ನಂಗೆಲ್ಲಿಂದ ಕೊಲೆಸ್ಟ್ರಾಲು?" ರಾಘವ ನಕ್ಕ. ಹಿಂದೆ ಅಂಗಡಿಯಲ್ಲಿ ಯಾರೋ ರಿಂಗ್‌ಟೋನು ಬದಲಾಯಿಸುತ್ತಿದ್ದರು. "ಬೆಲ್ಟಿಗೆ ಹೊಸ ತೂತು ಹಾಕ್ಸಿದೀನಿ ಮೊನ್ನೆ. ಅದೆಲ್ಲ ದೊಡ್ಡೋರ ಕಾಯಿಲೆ."

"ಹಿಮ್ಮಡಿ ಮುಟ್ಟಿ ನೋಡ್ಕೋ."

"ಗಿರಾಕಿ ಇದಾರೆ ಅಕ್ಕ."

"ಮುಟ್ಟಿ ನೋಡ್ಕೋ."

ಕುರ್ಚಿ ಎಳೆದ ಸದ್ದಾಯಿತು.

"ಅಪ್ಪಂದು ಹೆಂಗಿತ್ತೋ ಹಂಗಿದೆ," ಎಂದ. "ಮೊದ್ಲಿಂದ್ಲೂ ಹಂಗೇ ಇದೆಯಲ್ಲಕ್ಕ. ಏನೂ ನೋವಿಲ್ಲ. ಹಬ್ಬ ಆದ್ಮೇಲೆ ನೋಡೋಣ."

ಪಕ್ಕದಲ್ಲಿದ್ದ ಅಮ್ಮನಿಗೂ ಅವನ ಮಾತು ಕೇಳಿಸುತ್ತಿತ್ತು. ಕೈ ಚಾಚಿ ಫೋನನ್ನು ಕಿತ್ತುಕೊಂಡರು.

"ಏಯ್, ನಾನು ವೇದವಲ್ಲಿ ಕಣೋ. ಯಾವ ಹಬ್ಬ? ನಿಮ್ಮಕ್ಕ ಇಲ್ಲಿ ಗಂಟಲಿಂದ ಮಾತು ಹೊರಗೆ ಹಾಕೋಕೆ ಎರಡು ತಿಂಗಳು ತಗೊಂಡಿದಾಳೆ, ನೀನು ಹಬ್ಬ ಅಂತೀಯ? ನಮ್ಮನೆ ಪಕ್ಕದ ಲ್ಯಾಬು ಗೊತ್ತಲ್ಲ, ಸರಸ್ವತಿಪುರಂದು? ಸೋಮವಾರ ಬೆಳಗ್ಗೆ ಹೋಗ್ಬೇಕು. ಆ ಕಾಗದ ತೋರ್ಸು. ರಾಮಪ್ರಸಾದ ಅಂತ ಇದಾನೆ ಅಲ್ಲಿ, ನನ್ನ ಹೆಸರು ಹೇಳು. ಆಯ್ತಾ? ಆಯ್ತು ಅಮ್ಮ ಅನ್ನು. ಜೋರಾಗಿ."

ಅವನು ಅಂದಿರಬೇಕು. ಅಮ್ಮ ಫೋನನ್ನು ನನ್ನ ಮಡಿಲಲ್ಲಿ ಹಾಕಿ ಬೇರೆ ಕಡೆ ತಿರುಗಿ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಇನ್ನೂ ಏನೂ ಅನಿಸುತ್ತಿರಲಿಲ್ಲ. ಫೋನನ್ನು ಮತ್ತೆ ಕಿವಿಗಿಟ್ಟುಕೊಂಡೆ.

"ಹೋಗ್ತೀಯಾ?"

"ಹೋಗ್ತೀನಿ ಅಂದ್ನಲ್ಲ ಅಕ್ಕ."

"ಎಷ್ಟು ಗಂಟೆಗೆ?"

"ಬೆಳಗ್ಗೆ."

"ಬೆಳಗ್ಗೆ ಎಷ್ಟಕ್ಕೆ?"

"ಏಳೂವರೆಗೆ. ಅಂಗಡಿ ತೆಗೆಯೋಕೆ ಮುಂಚೆ."

"ಯಾವ ಬಸ್ಸಿಗೆ?"

ಅವನು ಯೋಚಿಸುತ್ತಿದ್ದ. ಅವನು ಬಸ್ಸಿನ ನಂಬರು ಹೇಳುವವರೆಗೂ ನಾನು ಫೋನ್ ಇಡಲಿಲ್ಲ.